ಲಿಂಗಸುಗೂರಿನಿಂದ ಬರೆದ ಕಾರ್ಡು

ನಮ್ಮ ಕಾಕಾನ ಹಳೆಯ ಕಾರಿನಲ್ಲಿ ಹಾರ್ನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಪ್ಪಳ ಮಾಡುತ್ತಿತ್ತು. ಅದರ ರೇಡಿಯೋ ಮಾತ್ರ ಅವನಿಗೆ ಜಂಬದ ವಸ್ತು. ಕೀಲಿ ತಿರುವಿದರೆ ಹಾಡುತ್ತಿತ್ತು, ಎಂಜಿನ್ ಬಂದ್ ಮಾಡಿದರೆ ತಾನೂ ಬಾಯಿ ಮುಚ್ಚುತ್ತಿತ್ತು.

ಎಂಬತ್ತರ ದಶಕದ ಕೊನೆಗೆ ಒಂದು ಮಧ್ಯಾಹ್ನ ಅದೇ ಕಾರಿನಲ್ಲಿ ನನ್ನನ್ನು ಲಿಂಗಸುಗೂರಿನಿಂದ ಸಿಂಧನೂರಿಗೆ ಒಯ್ದರು. ಗಂಡಿನವರೇ ಬಂದು ಹೆಣ್ಣು ನೋಡುವುದು ರಿವಾಜು. ಆದರೆ ಆ ಮನೆಯ ಅಜ್ಜಿ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ, ಹುಡುಗಿಯನ್ನು ಕಣ್ಣಾರೆ ನೋಡದೆ ಹೂಂ ಅನ್ನುವವಳೂ ಅಲ್ಲ. ಹೀಗಾಗಿ ನಾನೇ ಸಂತೆಯ ಆಕಳಿನಂತೆ ಹೊರಟೆ. ನನಗೆ ಆ ಸಂಬಂಧ ಬೇಡವಾಗಿತ್ತು. ಬೇಡ ಅನ್ನಲು ಅಪ್ಪನ ಮುಂದೆ ನಾಲಿಗೆ ಏಳಲಿಲ್ಲ. ಮುಂದೆ ಅಪ್ಪ ಮತ್ತು ಕಾಕಾ. ಹಿಂದೆ ಒಂದು ಕಡೆ ಅವ್ವ, ಇನ್ನೊಂದು ಕಡೆ ಹಣ್ಣಿನ ಬುಟ್ಟಿ ಹಿಡಿದ ಸೋದರತ್ತೆ, ನಡುವೆ ನಾನು. ಕಿಟಕಿಯ ಗಾಜು ಇಳಿಯುತ್ತಿರಲಿಲ್ಲ.

ಮಸ್ಕಿಯ ಗುಡ್ಡ ಕಾಣುವ ಹೊತ್ತಿಗೆ ರೇಡಿಯೋದಲ್ಲಿ ಕೋರಿಕೆ ಹಾಡುಗಳು ಶುರುವಾದವು. ಕಾರ್ಡು ಬರೆದವರ ಹೆಸರು, ಊರು ಓದಿ ಆಮೇಲೆ ಹಾಡು ಹಾಕುತ್ತಿದ್ದರು. ಅಪ್ಪನಿಗೆ ಹಾಡಿಗಿಂತ ಆ ಹೆಸರುಗಳ ಮೇಲೇ ಪ್ರೀತಿ. ಪಾಮನಕಲ್ಲೂರಿನ ಯಾರದೋ ಹೆಸರು ಬಂದರೆ ತನ್ನ ಬೀಗರೇ ಬಂದಂತೆ ತಲೆ ಆಡಿಸುತ್ತಿದ್ದ.

ಮುಂದಿನ ಹಾಡು ಯಾವುದೆಂದು ರೇಡಿಯೋ ಹೇಳಿತು. ಆ ಹಾಡಿಗೆ ನಾನೂ ಕಾರ್ಡು ಬರೆದಿದ್ದೆ. ನನ್ನ ಹೆಸರಿನ ಪಕ್ಕದಲ್ಲೇ ಗುರುಗುಂಟಾದ ಹುಡುಗನೊಬ್ಬನ ಹೆಸರು, ನನ್ನ ಜೊತೆ ಕಾಲೇಜಿನಲ್ಲಿ ಓದುತ್ತಿದ್ದವನು. ಬರೆದದ್ದು ಅವನಿಗೂ ಗೊತ್ತಿರಲಿಲ್ಲ. ಹುಚ್ಚು ಧೈರ್ಯ ನೋಡಿ, ಆ ಕಾರ್ಡನ್ನು ಅಂಚೆ ಡಬ್ಬಿಗೆ ಹಾಕಲು ಅವ್ವನ ಕೈಗೇ ಕೊಟ್ಟಿದ್ದೆ. ಅವ್ವ ಸಾಲಿ ಕಟ್ಟೆ ಹತ್ತಿದವಳಲ್ಲ, ಅವಳಿಗೇನು ಓದು ಬರುತ್ತದೆ ಎಂಬ ಸೊಕ್ಕು ನನ್ನದು.

"ಸಾಲಗುಂದದಿಂದ" ಎಂದು ಪಟ್ಟಿ ಶುರುವಾಯಿತು. ರೇಡಿಯೋ ಕೆಡಲಿ, ಟೈರು ಪಂಕ್ಚರ್ ಆಗಲಿ ಎಂದು ಬೇಡಿಕೊಂಡೆ. ಒಂದೊಂದೇ ಹೆಸರು ದಾಟಿದಂತೆ ನನ್ನ ಮನಸ್ಸು ತಿರುಗಿತು. ಓದಲಿ. ನನ್ನ ಬಾಯಿಂದ ಬಾರದ್ದು ಅದರ ಬಾಯಿಂದಾದರೂ ಬರಲಿ. ಅಪ್ಪ ಹೊಡೆಯಲಿ, ಕಾಕಾ ಕಾರು ತಿರುಗಿಸಲಿ, ಸಿಂಧನೂರು ತಪ್ಪಿದರೆ ಸಾಕು.

"ಲಿಂಗಸುಗೂರಿನಿಂದ" ಎಂದಿತು ರೇಡಿಯೋ.

"ಗಾಡಿ ನಿಂದರಸಪ್ಪ, ಬಂದ್ ಮಾಡು," ಅವ್ವ ಕಾಕಾನ ಹೆಗಲು ಹಿಡಿದು ಜಗ್ಗಿದಳು. "ಹೊಟ್ಟಿ ತೊಳಸಾಕತ್ತೈತಿ."

ಕಾಕಾ ಗಾಬರಿಯಾಗಿ ಕೀಲಿ ತಿರುವಿದ. ರೇಡಿಯೋ ಬಾಯಿ ಮುಚ್ಚಿತು. ಅವ್ವ ಬೇವಿನ ಗಿಡದ ಬುಡಕ್ಕೆ ಬಗ್ಗಿ ಓಕರಿಸಿ, ಬಾಯಿ ಮುಕ್ಕಳಿಸಿ ಬಂದು ಕೂತಳು. ಮತ್ತೆ ಕಾರು ಚಾಲೂ ಆದಾಗ ಹಾಡು ಅರ್ಧ ಮುಗಿದಿತ್ತು.

"ನಮ್ಮೂರಿನವ್ರ ಹೆಸರು ಬಂದಿತ್ತು ನೋಡು, ತಪ್ಪಿಹೋತು," ಎಂದು ಅಪ್ಪ ಪೇಚಾಡಿಕೊಂಡ.

ಸಿಂಧನೂರಿನಲ್ಲಿ ಅಜ್ಜಿ ನನ್ನ ಗದ್ದ ಹಿಡಿದು ನೋಡಿ ಹೂಂ ಅಂದಳು. ಮದುವೆಯಾಯಿತು. ಗಂಡ ಕೆಟ್ಟವನಲ್ಲ, ಸುಳ್ಳು ಹೇಳಬಾರದು. ಆದರೂ ಎಷ್ಟೋ ವರ್ಷ, ಆ ಕಾರಿನ ನಡುವಿನ ಸೀಟಿನಿಂದ ನನ್ನನ್ನು ಯಾರೂ ಇಳಿಸಿಯೇ ಇಲ್ಲ ಅನಿಸುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ, ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ಅವ್ವನನ್ನು ಬಾಡಿಗೆ ಜೀಪಿನಲ್ಲಿ ನಮ್ಮ ಮನೆಗೆ ಕರೆದುಕೊಂಡು ಹೊರಟಿದ್ದೆ. ಮಸ್ಕಿ ಹತ್ತಿರ ಡ್ರೈವರ್ ರೇಡಿಯೋ ಹಚ್ಚಿದ. ಹಾಡು ಬೇರೆ ಯಾವುದೋ ಇತ್ತು. ಆದರೂ ತಡೆಯದೆ ಕೇಳಿಬಿಟ್ಟೆ.

"ಆವತ್ತು ನಿನಗ ಖರೇನ ಹೊಟ್ಟಿ ತೊಳಸಿತ್ತೇನಬೇ?"

ಅವ್ವ ಡ್ರೈವರನಿಗೆ ಕೇಳದಂತೆ ದನಿ ಇಳಿಸಿದಳು. "ನೀ ಸಣ್ಣಾಕಿದ್ದಾಗ ಅಕ್ಷರ ತಿದ್ದತಿದ್ದಿ, ಬಾಜೂಕ ಕುಂತು ನಾನೂ ಕಲತಿದ್ದೆ. ಕಾರ್ಡ್ ಓದೀನಿ."

"ಓದಿ ಮತ್ತ ಡಬ್ಬಿಗೆ ಯಾಕ ಹಾಕಿದಿ?"

"ನಿಮ್ಮಪ್ಪ ಮನ್ಯಾಗ ಇಲ್ಲದಾಗ ಬರಲಿ, ನಾವಿಬ್ಬರ ಕೇಳೋಣು ಅಂತ."

ನನಗೆ ಅಳು ಬಂತು, ಸಿಟ್ಟೂ ಬಂತು. "ಅಪ್ಪ ಕೇಳಲಿ ಅಂತ ನಾ ಬೇಡಕೊಳ್ಳಾಕತ್ತಿದ್ದೆ, ಯವ್ವ," ಅಂದೆ.

ಅವ್ವ ನನ್ನ ಕಡೆ ತಿರುಗಿದಳು.

"ಮೊದಲ ಒಂದು ಮಾತು ಹೇಳಬಾರದೇನ ನನಗ," ಅಂದಳು. "ಗಾಡಿ ನಿಂದರಸ್ತಿರಲಿಲ್ಲ."