ಸೆನ್ಸರುಗಳಿಗೆ ಪಾಠ ಹೇಳಿದ ಕಿವಿ ಮೇಸ್ತ್ರಿ

ತಗಡು ಒತ್ತಿ ಬಕೆಟ್ಟು, ಬೋಗುಣಿ, ಸಿಂಕುಗಳನ್ನು ಮಾಡುವ ಆ ಕಾರ್ಖಾನೆಯಲ್ಲಿ ರಿಪೇರಿ ವಿಭಾಗದ ಮೇಸ್ತ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಸಂಬಳದ ಚೀಟಿಯ ಮೇಲೆ ಬಿಟ್ಟರೆ ಬೇರೆಲ್ಲೂ ಅದು ಬಳಕೆಯಲ್ಲಿರಲಿಲ್ಲ. ಎಲ್ಲರಿಗೂ ಅವರು ಕಿವಿ ಮೇಸ್ತ್ರಿ.

ಹೆಸರು ಪುಕ್ಕಟೆ ಬಂದದ್ದಲ್ಲ. ಕಾರ್ಖಾನೆಯ ಹೈಡ್ರಾಲಿಕ್ ಪ್ರೆಸ್ಸುಗಳು ಎಣ್ಣೆಯ ಒತ್ತಡದಿಂದ ಏಳುತ್ತ ಇಳಿಯುತ್ತ ಕೆಲಸ ಮಾಡುವಂಥವು. ಎಣ್ಣೆ ಆಚೀಚೆ ನುಸುಳದಂತೆ ಸಿಲಿಂಡರಿನಲ್ಲಿ ರಬ್ಬರಿನ ಬಳೆಯಂಥ ಸೀಲುಗಳಿರುತ್ತವೆ. ಸೀಲು ಸವೆದರೆ ಮೇಲೆತ್ತಿ ನಿಲ್ಲಿಸಿದ ಪ್ರೆಸ್ಸು ತಾನಾಗಿಯೇ ಮೆಲ್ಲಗೆ ಕೆಳಗೆ ಜಾರುತ್ತದೆ. ಕೆಳಗೆ ತಗಡು ಇಡುವವರ ಕೈ ಇರುತ್ತದೆ. ಪ್ರಾಯದಲ್ಲಿ ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಸಿಲಿಂಡರಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಎಣ್ಣೆ ನುಸುಳುವ ಸಣ್ಣ ಸುಸ್ ಸದ್ದನ್ನು ಹಿಡಿಯುತ್ತಿದ್ದರು. ಅವರು ತಲೆಯಾಡಿಸಿದರೆ ಪ್ರೆಸ್ಸು ನಿಲ್ಲುತ್ತಿತ್ತು.

ಆದರೆ ಯಾವ ಪ್ರೆಸ್ಸುಗಳ ಸದ್ದು ಕೇಳಿ ಹೆಸರು ಬಂದಿತೋ ಅದೇ ಸದ್ದು ವರ್ಷಗಳು ಕಳೆದ ಹಾಗೆ ಅವರ ಕಿವಿಯನ್ನು ತಿಂದುಹಾಕಿತು. ಮೇಸ್ತ್ರಿ ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಹೆಸರಿನಲ್ಲಿ ಉಳಿಯುವುದೇನು? ಸ್ಕ್ರೂಡ್ರೈವರ್ ಕಿವಿಗಿಡುವುದನ್ನು ಬಿಡಲಿಲ್ಲ, ಕಣ್ಣು ಮುಚ್ಚುವುದನ್ನು ಹೊಸದಾಗಿ ಸೇರಿಸಿಕೊಂಡರು. ಗುಮಾನಿ ಬಂದ ಸೀಲನ್ನೆಲ್ಲ ಬದಲಿಸಿಬಿಡುತ್ತಿದ್ದರು. ತೆಗೆದ ಸೀಲು ಸವೆದಿದೆಯೋ ಇಲ್ಲವೋ ಎಂದು ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಮನೆಯಲ್ಲಿ ಟಿವಿ ಬೀದಿಗೆಲ್ಲ ಕೇಳುತ್ತಿತ್ತು. ಗ್ಯಾಸ್ ಮುಗಿಯಿತೆಂದು ಹೆಂಡತಿ ಕೂಗಿ ಹೇಳಿದರೂ ಮೇಸ್ತ್ರಿ ಪೇಪರ್ ಓದುತ್ತಲೇ ಇರುತ್ತಿದ್ದರು. ಆಕೆ ಅದನ್ನು ಜಾಣಕಿವುಡು ಎಂದು ತಿಳಿದು ಅದಕ್ಕೆ ತಕ್ಕಂತೆ ಬೈಯುತ್ತಿದ್ದಳು. ಬೈಗುಳವೂ ಕೇಳಿಸದ್ದರಿಂದ ಸಂಸಾರ ಸುಗಮವಾಗಿ ನಡೆಯುತ್ತಿತ್ತು.

ಹೀಗಿರುವಾಗ ಕಾರ್ಖಾನೆಗೆ ಹೊಸ ಇಂಜಿನಿಯರಮ್ಮ ಬಂದಳು. ಪ್ರತಿ ಸಿಲಿಂಡರಿನ ಪಕ್ಕಕ್ಕೂ ಕೋಟಿನ ಗುಂಡಿಯಷ್ಟು ದೊಡ್ಡ ಸೆನ್ಸರೊಂದನ್ನು ಅಂಟಿಸಿದಳು. ಮನುಷ್ಯರ ಕಿವಿಗೆ ನಿಲುಕದ ಸದ್ದನ್ನೂ ಅವು ಕೇಳುತ್ತವೆಂದಳು. ಸೀಲು ಚೆನ್ನಾಗಿದ್ದರೆ ಮೂಲೆಯ ಪರದೆಯ ಮೇಲೆ ಆ ಪ್ರೆಸ್ಸಿನ ಪಟ್ಟಿ ಹಸಿರು, ಸವೆಯತೊಡಗಿದರೆ ಹಳದಿ, ಹೋದರೆ ಕೆಂಪು.

"ಯಂತ್ರದ ಕಷ್ಟ ಯಂತ್ರಕ್ಕೆ ಏನ್ ಗೊತ್ತಮ್ಮ?" ಎಂದು ಮೇಸ್ತ್ರಿ ಎಲ್ಲರೆದುರು ಮೂಗು ಮುರಿದರು. ಮರುದಿನದಿಂದ ಎಲ್ಲರಿಗಿಂತ ಮೊದಲೇ ಬಂದು, ಪರದೆಯನ್ನೊಮ್ಮೆ ಓರೆಗಣ್ಣಿನಲ್ಲಿ ನೋಡಿ, ಹಳದಿ ತೋರುವ ಪ್ರೆಸ್ಸಿನ ಹತ್ತಿರ ಹೋಗಿ ಕಣ್ಣು ಮುಚ್ಚಿ ನಿಲ್ಲತೊಡಗಿದರು. ಇಂಜಿನಿಯರಮ್ಮ ಬರುವ ಹೊತ್ತಿಗೆ ಅವರ ತೀರ್ಪು ಹೊರಬಿದ್ದಿರುತ್ತಿತ್ತು. ಬಿಚ್ಚಿ ನೋಡಿದರೆ ಸೀಲು ನಿಜವಾಗಿಯೂ ಸವೆದಿರುತ್ತಿತ್ತು. ಅವರ ಕೀರ್ತಿ ಹಿಂದೆಂದೂ ಇಲ್ಲದಷ್ಟು ಏರಿತು.

"ನೋಡಮ್ಮ, ನಿನ್ ಪರದೆಗಿಂತ ನಮ್ ಮೇಸ್ತ್ರಿ ಒಂದು ಹೆಜ್ಜೆ ಮುಂದೆ," ಎಂದು ಮ್ಯಾನೇಜರು ಬಂದವರ ಮುಂದೆಲ್ಲ ಅವಳನ್ನು ರೇಗಿಸುತ್ತಿದ್ದರು.

ಒಂದು ದಿನ ಬಕೆಟ್ಟು ಕೊಳ್ಳುವ ದೊಡ್ಡ ಗಿರಾಕಿಗಳು ಕಾರ್ಖಾನೆ ನೋಡಲು ಬರುವವರಿದ್ದರು. ಬೆಳಿಗ್ಗೆ ಪರದೆಯಲ್ಲಿ ಎರಡನೆಯ ಪ್ರೆಸ್ಸು ಕೆಂಪಗಿತ್ತು. ಮೇಸ್ತ್ರಿ ಅಲ್ಲಿ ನಿಂತು ಕಣ್ಣು ಮುಚ್ಚಿ, "ಇದರ ಸೀಲು ಹೋಗಿದೆ" ಎಂದರು. ಬಿಚ್ಚಿದರೆ ಸೀಲು ಹೊಚ್ಚಹೊಸದರಂತಿತ್ತು. ಎಲ್ಲರೂ ಒಂದು ಕ್ಷಣ ಮುಖ ಮುಖ ನೋಡಿಕೊಂಡರು.

"ಸವೆಯೋಕೆ ಮುಂಚೆನೇ ಹಿಡಿದುಬಿಟ್ರು," ಎಂದರು ಮ್ಯಾನೇಜರು. ಎಲ್ಲರಿಗೂ ಸಮಾಧಾನವಾಯಿತು.

ಮಧ್ಯಾಹ್ನ, ಮ್ಯಾನೇಜರು ಗಿರಾಕಿಗಳನ್ನು ಐದನೆಯ ಪ್ರೆಸ್ಸಿನ ಮುಂದೆ ನಿಲ್ಲಿಸಿಕೊಂಡು ಇದೇ ಕಥೆಯನ್ನು ಹೇಳುತ್ತಿದ್ದಾಗ, ಆ ಐದನೆಯದರ ಸೀಲೇ ಕಿತ್ತುಬಂತು. ಬೆಚ್ಚಗಿನ ಎಣ್ಣೆ ಕಾರಂಜಿಯಂತೆ ಚಿಮ್ಮಿ ಎಲ್ಲರನ್ನೂ ತಲೆಯಿಂದ ಕಾಲಿನವರೆಗೆ ತೋಯಿಸಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ.

ಸಂಜೆ ಇಂಜಿನಿಯರಮ್ಮ ಪರೀಕ್ಷಿಸಿದಾಗ, ಗಿರಾಕಿಗಳು ಬರುತ್ತಾರೆಂದು ಹಿಂದಿನ ದಿನ ಗೋಡೆಗೆ ಸುಣ್ಣಬಣ್ಣ ಬಳಿದವರು ಕಳಚಿ ಮತ್ತೆ ಸಿಕ್ಕಿಸಿದ್ದ ಎರಡರ ಮತ್ತು ಐದರ ವೈರು ಅದಲುಬದಲಾಗಿರುವುದು ಕಂಡಿತು. ಪರದೆ ತಪ್ಪು ತೋರಿಸಿದ್ದಕ್ಕೆ ಕಾರಣ ಸಿಕ್ಕಿತು. ಆದರೆ ಮೇಸ್ತ್ರಿಯ ಕಿವಿಗೆ ವೈರು ಇರಲಿಲ್ಲ. ಅದು ಹೇಗೆ ಅದಲುಬದಲಾಯಿತು?

ಮರುದಿನ ಅವಳು ಅವರನ್ನು ಸಾಮಾನು ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. ಗೋಡೆಯ ಕಡೆ ತಿರುಗಿ ನಿಂತು, "ಮೇಸ್ತ್ರಿ, ನಿಮ್ಮ ಶರ್ಟಿಗೆ ಬೆಂಕಿ ಹತ್ತಿದೆ" ಎಂದಳು.

"ಆಗ್ಲಮ್ಮ, ನಿಧಾನಕ್ಕೆ ಮಾಡೋಣ," ಎಂದರು ಮೇಸ್ತ್ರಿ.

ಅವಳು ತಿರುಗಿ ಅವರನ್ನೇ ನೋಡಿದಳು. ಸಿಕ್ಕಿಬಿದ್ದೆನೆಂದು ಅರಿತು ಅವರು ಎಣ್ಣೆ ಡಬ್ಬದ ಮೇಲೆ ಕುಳಿತರು. "ಯಾವಾಗಿಂದ?" ಎಂದು ತುಟಿಯಾಡಿಸಿ ಕೇಳಿದಳು.

"ನೆನಪಿಲ್ಲಮ್ಮ. ಮೊದಲು ಹಕ್ಕಿ ಸದ್ದು ಹೋಯ್ತು. ಆಮೇಲೆ ಹೆಂಡ್ತಿ."

ಆಗಲೇ ಹೊರಗಿನಿಂದ ಕೆಲಸದವನೊಬ್ಬ ಬಂದು, ಮ್ಯಾನೇಜರ ಅಪ್ಪಣೆಯಂತೆ ಸೆನ್ಸರುಗಳನ್ನೆಲ್ಲ ಕೀಳುತ್ತಿದ್ದಾರೆಂದು ತಿಳಿಸಿದ. ಇಬ್ಬರೂ ಓಡಿಹೋಗಿ ಕೇಳಿದರೆ ಮ್ಯಾನೇಜರ ಲೆಕ್ಕಾಚಾರ ತೀರ ಸರಳವಾಗಿತ್ತು. "ಮೇಸ್ತ್ರಿ ನೋಡಿದ ಪ್ರೆಸ್ಸು ಕೆಟ್ಟಿತಾ? ಇಲ್ಲ. ಸೆನ್ಸರ್ ನೋಡ್ಕೊಳ್ತಿದ್ದ ಪ್ರೆಸ್ಸು ಕೆಟ್ಟಿತು. ಇನ್ನೇನು ಬೇಕು? ಕಿವಿ ಇರೋವಾಗ ಗುಂಡಿ ಯಾಕೆ?"

ಮೇಸ್ತ್ರಿಗೆ ಅಂದು ಊಟ ಸೇರಲಿಲ್ಲ. ಮೂರನೆಯ ಪ್ರೆಸ್ಸಿನಲ್ಲಿ ತಗಡು ಇಡುವ ಹೆಂಗಸು ತಮ್ಮ ಕಡೆ ನೋಡಿ, ಎಲ್ಲ ಸರಿಯಿದೆಯೇ ಎಂದು ಸನ್ನೆ ಮಾಡಿ, ತಾವು ಅಭ್ಯಾಸಬಲದಿಂದ ತಲೆಯಾಡಿಸಿದ ತಕ್ಷಣ ಕೈ ಒಳಗೆ ಚಾಚಿದ್ದನ್ನು ಅವರು ನೋಡಿದ್ದರು. ಅಷ್ಟು ವರ್ಷ ಸುಳ್ಳು ಹಗುರವಾಗಿತ್ತು. ಆ ಕೈ ನೋಡಿದ ಮೇಲೆ ಹೊರಲಾಗಲಿಲ್ಲ. ಸೀದಾ ಮ್ಯಾನೇಜರ ಕೋಣೆಗೆ ನಡೆದು, ಅವರು ಕೂರಲು ಹೇಳಿದ ಕುರ್ಚಿಯಲ್ಲಿ ಕುಳಿತರು.

"ಸಾರ್, ನನಗೆ ಕಿವಿ ಕೇಳಲ್ಲ. ಪರದೆ ನೋಡ್ಕೊಂಡು ಹೇಳ್ತಿದ್ದೆ."

ಮ್ಯಾನೇಜರು ನಕ್ಕರು. "ಕೇಳಲ್ಲ ಅಂದ್ರೆ ಈಗ ನಾನು ಕೂತ್ಕೊಳ್ಳಿ ಅಂದಿದ್ದು ಹೇಗೆ ಕೇಳಿಸ್ತು?"

"ನಿಮ್ಮ ತುಟಿ ನೋಡಿದೆ."

"ನೋಡಿ, ಕಣ್ಣೂ ಎಷ್ಟು ಚುರುಕು. ಮೇಸ್ತ್ರಿ, ಆ ಹುಡುಗಿ ಕೆಲಸಕ್ಕೆ ಕುತ್ತು ಬರಬಾರದು ಅಂತ ನಿಮ್ಮ ಹೆಸರನ್ನೇ ಬಿಟ್ಟುಕೊಡ್ತಿದ್ದೀರಿ. ಇಂಥ ದೊಡ್ಡ ಮನಸ್ಸು ಈ ಕಾಲದಲ್ಲಿ ಎಲ್ಲಿದೆ?"

ಮೇಸ್ತ್ರಿ ಆಣೆ ಇಟ್ಟರು. ಮ್ಯಾನೇಜರ ಕಣ್ಣಲ್ಲಿ ನೀರೇ ಬಂತು. ವರ್ಷದ ಉತ್ತಮ ನೌಕರ ಪ್ರಶಸ್ತಿಗೆ ಅವರ ಹೆಸರನ್ನು ಅಲ್ಲೇ ಗೊತ್ತುಮಾಡಿದರು.

ಹೊರಗೆ ಕಾಯುತ್ತಿದ್ದ ಇಂಜಿನಿಯರಮ್ಮ ಎಲ್ಲ ಕೇಳಿ ಹಣೆ ಉಜ್ಜಿಕೊಂಡಳು. "ನಿಜ ಹೇಳಿ ನೋಡಿದ್ರಿ, ನಡೀಲಿಲ್ಲ. ಈಗ ಅವರಿಗೆ ಅರ್ಥ ಆಗೋ ಥರ ಹೇಳಿ. ನೀವು ರಿಟೈರ್ ಆದ್ರೆ ಈ ವಿದ್ಯೆ ನಿಮ್ಮ ಜೊತೆಗೇ ಹೋಗುತ್ತೆ, ಅದಕ್ಕೆ ಸೆನ್ಸರುಗಳಿಗೆ ಪಾಠ ಹೇಳ್ಕೊಡ್ತೀನಿ ಅನ್ನಿ."

"ನಿನಗೆ ಸಿಟ್ಟು ಬರಲ್ವೇನಮ್ಮ?"

"ಬರುತ್ತೆ. ದಿನಾ ಬರುತ್ತೆ. ಆದ್ರೆ ಪ್ರೆಸ್ಸಿನ ಕೆಳಗೆ ಕೈ ಇಡೋದು ನಾನಲ್ಲ, ಸಾಹೇಬರೂ ಅಲ್ಲ."

ಮೇಸ್ತ್ರಿ ಮತ್ತೆ ಒಳಗೆ ಹೋಗಿ ಪಾಠದ ಮಾತನ್ನು ಹೇಳಿದರು. ಅದು ಮ್ಯಾನೇಜರಿಗೆ ಎಷ್ಟು ಹಿಡಿಸಿತೆಂದರೆ ಅಂದೇ ಸೆನ್ಸರುಗಳು ಮರಳಿ ಅಂಟಿದವು, ಈ ಸಲ ವೈರುಗಳಿಗೆಲ್ಲ ಬೇರೆ ಬೇರೆ ಬಣ್ಣದ ಪಟ್ಟಿಯೊಂದಿಗೆ. ಪರದೆಯ ಪಕ್ಕ ಮೇಸ್ತ್ರಿಗೊಂದು ಕುರ್ಚಿ ಬಂತು, ಕುರ್ಚಿಯ ಹಿಂದೆ 'ಶ್ರವಣ ತರಬೇತಿ ಕೇಂದ್ರ' ಎಂಬ ಫಲಕ. ಮೇಸ್ತ್ರಿ ಇನ್ನು ಕಣ್ಣು ಮುಚ್ಚಬೇಕಾಗಿರಲಿಲ್ಲ. ತೆರೆದ ಕಣ್ಣಿನಿಂದ ಪರದೆ ನೋಡುತ್ತ, ಹಳದಿ ಕಂಡ ಕೂಡಲೇ ಇಂಜಿನಿಯರಮ್ಮನಿಗೆ ಹೇಳಿ ಪ್ರೆಸ್ಸು ನಿಲ್ಲಿಸುತ್ತಿದ್ದರು. ಶಿಷ್ಯರು ಎಷ್ಟು ಬೇಗ ಕಲಿತರೆಂದು ಮ್ಯಾನೇಜರು ಬೆರಗಾದರು.

ಮನೆಯಲ್ಲೂ ನಿಜ ಹೇಳಿದರು. ಹೆಂಡತಿ ಮಾತ್ರ ಒಂದೇ ಸಲಕ್ಕೆ ನಂಬಿದಳು. "ಇಷ್ಟು ವರ್ಷ ಜಾಣಕಿವುಡು ಅಂದ್ಕೊಂಡಿದ್ದೆ. ಇದರಲ್ಲಿ ಜಾಣತನ ಏನೂ ಇಲ್ವಲ್ರಿ," ಎಂದು ಅವರ ಕೈ ಹಿಡಿದು ಡಾಕ್ಟರ ಬಳಿ ಕರೆದೊಯ್ದಳು. ಕಿವಿಗೆ ಯಂತ್ರ ಬಂದ ಮೇಲೆ ಬಾಕಿಯಿದ್ದ ಬೈಗುಳವನ್ನೆಲ್ಲ ಸಮಾಧಾನವಾಗಿ ತೀರಿಸಿಕೊಂಡಳು.

ಮೇಸ್ತ್ರಿ ನಿವೃತ್ತರಾದ ಮೇಲೆ ಕಾರ್ಖಾನೆಗೆ ಇನ್ನಷ್ಟು ಪ್ರೆಸ್ಸುಗಳು ಬಂದವು, ಅವಕ್ಕೆ ಹೊಸ ಸೆನ್ಸರುಗಳೂ ಬಂದವು. ಮ್ಯಾನೇಜರು ಅವನ್ನು ಅಂಟಿಸಗೊಡಲಿಲ್ಲ. ಮೊದಲು ಪಾಠ ಕಲಿತು ಬರಲಿ ಎಂದು ಡಬ್ಬದ ಸಮೇತ ಮೇಸ್ತ್ರಿಯ ಮನೆಗೆ ಕಳಿಸಿಕೊಟ್ಟರು. ಮೇಸ್ತ್ರಿ ಇಂಜಿನಿಯರಮ್ಮನಿಗೆ ಫೋನು ಮಾಡಿದರು.

"ಇವನ್ನ ಏನ್ ಮಾಡ್ಲಮ್ಮ?"

"ಡಬ್ಬ ತೆಗೀಬೇಡಿ ಮೇಸ್ತ್ರಿ. ಶನಿವಾರ ಗಾಡಿ ಕಳಿಸ್ತೀನಿ, ಕಲಿತವು ಅಂತ ಹೇಳಿ ವಾಪಸ್ ಕೊಡಿ."

ಹೆಂಡತಿ ಊಟದ ಮೇಜು ಒರೆಸಬೇಕೆಂದು ಡಬ್ಬವನ್ನು ಕುರ್ಚಿಯ ಮೇಲಕ್ಕೆ ಸರಿಸಿದಳು.