ಹಳದಿಗೆ ತಿರುಗದ ನೀರು

ಅಗರದ ಪುಟ್ಟಮಾದಯ್ಯ ಮೂವತ್ತೊಂದು ವರ್ಷ ನೀರುಗಂಟಿಯಾಗಿದ್ದವನು. ಅವನು ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನ, ನಲ್ಲಿ ನೀರು ಕುಡಿದ ಎಮ್ಮೆಗಳು ಬೆಳ್ಳಗಾಗಿ ಮನೆಗೆ ಹೋದರೆ ಸಾಕಿದವರೇ ಗುರುತು ಸಿಗದೆ ಹೊರಗಟ್ಟುತ್ತಿದ್ದರು. ನಾನು ನೋಡಿದ್ದು ಎರಡೇ ಎಮ್ಮೆ, ಮಿಕ್ಕವು ಕೇಳಿದ್ದು. ನೀರನ್ನು ಸಣ್ಣ ಸೀಸೆಗೆ ಹಿಡಿದು ಎರಡು ತೊಟ್ಟು ಔಷಧಿ ಬಿಡುವನು. ನೀರಿನಲ್ಲಿ ಪುಡಿ ಸಾಕಷ್ಟಿದ್ದು ಹಳದಿಯಾದರೆ ಊರು ಕ್ಷೇಮ. ಆಗದಿದ್ದರೆ ಇನ್ನೊಂದು ಹಿಡಿ ಪುಡಿ.

ಹೆಂಡತಿ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ಮನೆಯಲ್ಲಿ ಮಾತು ಎಷ್ಟು ಸೊರಗಿತ್ತೆಂದರೆ, ಹಲ್ಲಿ ಲೊಚಗುಟ್ಟಿದರೂ ಅವನು ಏನೆಂದು ವಿಚಾರಿಸುತ್ತಿದ್ದ. ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ನರ್ಸ್ ರತ್ನ ಸಂಜೆ ನಾಲ್ಕು ಮಾತಾಡುತ್ತಿದ್ದಳು. ಅವಳಿಗೂ ಹನೂರಿಗೆ ವರ್ಗವಾಯಿತು. ಬಸ್ಸಿನಲ್ಲಿ ಒಯ್ಯಲಾಗದ ಮೀನಿನ ಗಾಜಿನ ತೊಟ್ಟಿಯನ್ನು ಇವನಿಗೆ ಒಪ್ಪಿಸಿ, ತಿಂಗಳಲ್ಲಿ ಬಂದು ಒಯ್ಯುತ್ತೇನೆಂದಳು. ಆರು ಮೀನು. ಅವಳು ಬರುವ ದಿನಕ್ಕೆಂದು ಅವನು ಕಾಫಿಪುಡಿ ತಂದಿಟ್ಟ.

ನಾಲ್ಕನೆಯ ದಿನ ತೊಟ್ಟಿಯ ನೀರು ಮಬ್ಬಾಯಿತು. ಪರೀಕ್ಷಿಸಿದರೆ ಬಣ್ಣವೇ ಇಲ್ಲ. ಹಳೆಯ ಡಬ್ಬಿಯಿಂದ ಒಂದು ಚಿಟಿಕೆ ಪುಡಿ ಹಾಕಿದ. ಮತ್ತೆ ಸೀಸೆಗೆ ಹಿಡಿದರೆ ಅರಿಶಿನದಂತೆ ಹಳದಿ ಬಂತು. ನೆಮ್ಮದಿಯಿಂದ ಟೀ ಕುಡಿದು ಬರುವಷ್ಟರಲ್ಲಿ ಐದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದ ಒಂದನ್ನು ಚೊಂಬಿನಲ್ಲಿ ಎತ್ತಿಕೊಂಡು ಪಕ್ಕದ ಮನೆ ವೀರಮ್ಮನ ಬಾವಿಗೆ ಓಡಿದ.

ವೀರಮ್ಮ ನೀರು ಸೇದಿ ಕೊಡುತ್ತಾ, "ನಾವು ಮೂವತ್ತು ವರ್ಸ ಕುಡ್ದೂ ಬದುಕಿದ್ವಿ ಕಣ ಮಾದಣ್ಣ. ಮೀನ್ಗೆ ಆ ತಾಕತ್ತು ಎಲ್ಲಿದ್ದದು?" ಎಂದಳು.

ಅಂದಿನಿಂದ ದಿನಕ್ಕೆ ಮೂರು ಹೊತ್ತು ಪರೀಕ್ಷೆ. ಜೀವಮಾನವಿಡೀ ಹಳದಿಗಾಗಿ ಕಾದವನು ಈಗ ಹಳದಿ ಬಾರದಿರಲೆಂದು ಸೀಸೆಯನ್ನು ಬಿಸಿಲಿಗೆ ಹಿಡಿಯುತ್ತಿದ್ದ. ಒಂಟಿ ಮೀನು ಗಾಜಿನಾಚೆಯಿಂದ ಮೇಲಧಿಕಾರಿಯಂತೆ ನೋಡುತ್ತಿತ್ತು.

ತಿಂಗಳಾದ ಮೇಲೆ ರತ್ನ ಫೋನ್ ಮಾಡಿ ಮೀನು ಹೇಗಿವೆಯೆಂದು ವಿಚಾರಿಸಿದಳು. ನಿಜ ಹೇಳಿದರೆ ಈ ಕಡೆ ತಲೆಯನ್ನೂ ಹಾಕಲಾರಳೆಂದು ಅವನು ಹೆದರಿದ.

"ಆರೂ ಆರಾಮಾಗವೆ ಕಣ್ ಕೂಸು. ಬಂದು ತಕಂಡೋಗು."

"ಅಂಗಾದ್ರೆ ನೀವೇ ಮಡಿಕಳಿ ತಾತ. ಇಲ್ಲಿ ರೂಮು ಚಿಕ್ದು. ಅವು ಸೊರಗಿದ್ರೆ ಈ ಭಾನ್ವಾರ ಬಂದು ತಕಂಡೋಗಾನ ಅಂತಿದ್ದೆ."

ಡ್ಯೂಟಿಗೆ ಹೊತ್ತಾಯಿತೆಂದು ಅವಳು ಫೋನಿಟ್ಟಳು. ಪುಟ್ಟಮಾದಯ್ಯ ತಿರುಗಿ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಮೂರನೆಯ ಸಲ, ಅವಳು ಎತ್ತುವುದಕ್ಕೂ ಕಾಯದೆ ಹೇಳಿಬಿಟ್ಟ:

"ಐದು ಸತ್ತೋದ್ವು ಕಣ್ ಕೂಸು."

ಹನೂರಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು.