ಕೆಂಪು ಡಬ್ಬಿ, ನೀಲಿ ಡಬ್ಬಿ ಮತ್ತು ಒಂದು ಸೀರೆಯಂಚು

ಸಿರಾ ಪೇಟೆಯ ಹಿಟ್ಟಿನ ಗಿರಣಿ ಶುರುವಾಗುವ ಮೊದಲೇ ಪಕ್ಕದ ಅಂಗಡಿಯ ಶಟರ್ ಅರ್ಧ ಎದ್ದಿರುತ್ತದೆ. ಪೂರ್ತಿ ಎತ್ತುವುದಿಲ್ಲ, ಎತ್ತಿದರೆ ಬೀದಿಯ ಬೆಳಕು ಟಿವಿಯ ಗಾಜಿನ ಮೇಲೆ ಬೀಳುತ್ತದೆ. ಬೆಳಗಿನ ನಮಾಜು ಮುಗಿಸಿ, ಒಂದು ಲೋಟ ಚಹಾ ಕುಡಿದು, ಜಮೀಲಾ ತಲೆ ತಗ್ಗಿಸಿ ಒಳಗೆ ಹೋಗುತ್ತಾರೆ. ಸೆರಗನ್ನು ತಲೆಯ ಮೇಲೆ ಸರಿಪಡಿಸಿಕೊಂಡು, ಮೆತ್ತನೆಯ ಹಳೇ ಬಟ್ಟೆಯ ತುಂಡಿನಿಂದ ಒಂದು ಡಿಸ್ಕನ್ನು ಒರೆಸುತ್ತಾರೆ. ನಡುವಿನ ತೂತಿನಿಂದ ಹೊರಗಡೆಗೆ, ನೇರವಾಗಿ. ಮಗುವಿನ ಮುಖ ಒರೆಸಿದಷ್ಟು ಹಗುರವಾಗಿ.

"ಗಿರಣಿ ಶುರು ಆದ್ರೆ ಟೇಬಲ್ಲೇ ನಡುಗ್ತದೆ ಸಾರ್. ಕರೆಂಟೂ ಏರೋದು ಇಳಿಯೋದು. ಈ ಮಿಷನ್‌ಗಳಿಗೆ ವಯಸ್ಸಾಗಿದೆ, ಬೆಳಿಗ್ಗೆ ಹೊತ್ತು ಮಾತ್ರ ಹೇಳಿದ ಮಾತು ಕೇಳ್ತವೆ" ಎನ್ನುತ್ತಾರೆ, ಯಾಕಿಷ್ಟು ಬೇಗ ಎಂದು ಕೇಳುವ ಗಿರಾಕಿಗಳಿಗೆ.

ಹೊರಗಿನ ಬೋರ್ಡಿನಲ್ಲಿ ಈಗಲೂ 'ಕಲೀಂ ವಿಡಿಯೋ ಲೈಬ್ರರಿ' ಎಂದೇ ಇದೆ. ಒಳಗೆ ಲೈಬ್ರರಿ ಇಲ್ಲ. ಸಿನಿಮಾ ಬಾಡಿಗೆಗೆ ಒಯ್ಯುವ ಕಾಲ ಹೋಯಿತು. ಈಗ ಇಲ್ಲಿಗೆ ಬರುವುದು ಮದುವೆ, ನಾಮಕರಣ, ಶಾಲಾ ವಾರ್ಷಿಕೋತ್ಸವ, ಪಟ್ಟನಾಯಕನಹಳ್ಳಿ ಕಡೆಯವರು ತರುವ ಪ್ರವಚನ, ಕಾವ್ಯವಾಚನ. ಬೀರುವಿನ ಮೂಲೆಯಲ್ಲಿ ಮಸುಕಾಗುತ್ತಿರುವ ಡಿಸ್ಕುಗಳನ್ನು ತಂದು, "ಈ ಕ್ಯಾಸೆಟ್ಟು ಪೆನ್‌ಡ್ರೈವ್‌ಗೆ ಹಾಕ್ಕೊಡಮ್ಮ" ಎಂದು ಕೊಡುತ್ತಾರೆ. ಡಿಸ್ಕಿಗೂ ಕ್ಯಾಸೆಟ್ಟೆಂದೇ ಹೆಸರು. ಜಮೀಲಾ ತಿದ್ದುವುದಿಲ್ಲ.

ಅಕ್ಕಪಕ್ಕದ ತಾಲ್ಲೂಕುಗಳಿಂದ ಜನ ಇಲ್ಲಿಗೇ ಹುಡುಕಿಕೊಂಡು ಬರಲು ಕಾರಣ ಮೇಜಿನ ಮೇಲಿರುವ ಎರಡು ಪ್ಲೇಯರುಗಳು. ಸಾದಾ ಡಿವಿಡಿಗಿಂತ ಎಷ್ಟೋ ಸ್ಪಷ್ಟವಾದ ಚಿತ್ರ ಕೊಡುವ ಡಿಸ್ಕುಗಳು ಬಂದ ಹೊಸತರಲ್ಲಿ ಅವುಗಳಲ್ಲಿ ಎರಡು ಪಂಗಡಗಳಿದ್ದವು. ಎಚ್‌ಡಿ ಡಿವಿಡಿ ಕೆಂಪು ಡಬ್ಬಿಯಲ್ಲಿ ಬರುತ್ತಿತ್ತು, ಬ್ಲೂರೇ ನೀಲಿ ಡಬ್ಬಿಯಲ್ಲಿ. ಒಂದರ ಡಿಸ್ಕು ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಎರಡು ವರ್ಷ ಹಗ್ಗಜಗ್ಗಾಟ ನಡೆದು, 2008ರಲ್ಲಿ ಕೆಂಪು ಸೋತು ಮನೆಗೆ ಹೋಯಿತು. ಕೆಂಪಿನ ಪ್ಲೇಯರುಗಳು ಗುಜರಿ ಸೇರಿದವು. ಸಿರಾದ ಈ ಓಣಿಯಲ್ಲಿ ಮಾತ್ರ ಒಂದು ಉಳಿಯಿತು.

ಅದನ್ನು ಸೌದಿಯ ದಮ್ಮಾಮಿನಿಂದ ಹೊತ್ತು ತಂದವರು ಜಮೀಲಾರ ಗಂಡ ಕಲೀಮುಲ್ಲಾ. ಅಲ್ಲಿ ಟಿವಿ ರಿಪೇರಿ ಮಾಡುತ್ತಿದ್ದರು. ಊರಿಗೆ ಮರಳುವಾಗ ಯಾರು ಗೆಲ್ಲುತ್ತಾರೋ ತಿಳಿಯದೆ ಎರಡನ್ನೂ ಪೆಟ್ಟಿಗೆಗೆ ತುಂಬಿದರು. "ಸವತಿಯರಿಬ್ಬರನ್ನ ಒಂದೇ ವಿಮಾನದಲ್ಲಿ ಕರ್ಕೊಂಡು ಬಂದೆ" ಎಂದು ಅವರು ನಗುತ್ತಾರೆ. "ಬಂದ ದಿನದಿಂದ ಇವಳು ನನ್ನ ಬಿಟ್ಟು ಅವರಿಬ್ಬರ ಜೊತೆ ಸಂಸಾರ ಮಾಡ್ತಿದ್ದಾಳೆ."

"ಮಾಡ್ದೆ ಏನು? ಅವು ಗೊರಕೆ ಹೊಡೆಯಲ್ಲ" ಎನ್ನುತ್ತಾರೆ ಜಮೀಲಾ, ಡಿಸ್ಕಿನಿಂದ ಕಣ್ಣು ತೆಗೆಯದೆ.

ಕಲೀಮುಲ್ಲಾ ಈಗ ಡಿಶ್ ಕೂರಿಸಲು ಹಳ್ಳಿಗಳ ಮೇಲೆ ಹೋಗುತ್ತಾರೆ, ಅಂಗಡಿ ಪೂರ್ತಿ ಜಮೀಲಾರದು. ಒಂದೇ ಸಮಾರಂಭದ ಎರಡು ಡಿಸ್ಕು ಸಿಕ್ಕಾಗ ಅವರ ಕೆಲಸ ರಂಗೇರುತ್ತದೆ. ಒಂದೇ ಕಂಪನಿಯ, ಒಂದೇ ಅಳತೆಯ ಎರಡು ಟಿವಿ ಪಕ್ಕಪಕ್ಕದಲ್ಲಿ. ಎಡಕ್ಕೆ ಕೆಂಪು, ಬಲಕ್ಕೆ ನೀಲಿ. ಎರಡರ ಮೇಲೂ ಅಂಗೈಯಗಲ ಕಿಟಕಿ ಕೊಯ್ದ ರಟ್ಟು ಇಳಿಬಿಡುತ್ತಾರೆ. "ಮುಖ ಕಂಡ್ರೆ ಕಣ್ಣು ಅಲ್ಲೇ ಹೋಗಿ ಕೂತ್ಕೊಳ್ತದೆ. ಮದುವೆ ಹೆಣ್ಣು ಚೆನ್ನಾಗಿದ್ದಾಳೆ ಅಂತ ಚಿತ್ರಾನೂ ಚೆನ್ನಾಗಿದೆ ಅನ್ಸಿಬಿಡ್ತದೆ. ಅದಕ್ಕೇ ಮುಚ್ಚೋದು. ಮೂಲೆ ನೋಡ್ಬೇಕು, ನೆರಳು ನೋಡ್ಬೇಕು." ಕೆಂಪು ಮೇಲೋ ನೀಲಿ ಮೇಲೋ ಎಂದು ಕೇಳಿದರೆ ತಲೆಯಾಡಿಸುತ್ತಾರೆ. "ಎರಡೂ ಒಂದೇ ಅಳತೆ ಪಾತ್ರೆ. ಸುರಿದವರು ಏನು ಸುರಿದಿದ್ದಾರೋ ಅದು."

ಇಷ್ಟು ತಿಳಿದಿದ್ದೂ ಜಮೀಲಾರ ಕಣ್ಣು ಒಮ್ಮೆ ಮೋಸ ಹೋಗಿದೆ. ಆ ಕತೆಯನ್ನು ಅವರೇ ನಗುತ್ತಾ ಹೇಳುತ್ತಾರೆ.

ಕೊರಟಗೆರೆ ಕಡೆಯ ಜಯಕ್ಕ ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಬಸ್ಸು ಬದಲಾಯಿಸಿಕೊಂಡು ಸಿರಾಕ್ಕೆ ಬರುತ್ತಾರೆ. ಕೈಚೀಲದಲ್ಲಿ ಒಂದು ಕೆಂಪು ಡಬ್ಬಿ, ಒಂದು ನೀಲಿ ಡಬ್ಬಿ. ಎರಡರಲ್ಲೂ ಇರುವುದು ಹಿರಿಸೊಸೆ ಗಂಗಲಕ್ಷ್ಮಿಯ ಮದುವೆ. ಸ್ಟುಡಿಯೋದವರು ಮೊದಲು ಕೆಂಪಿನಲ್ಲಿ ಕೊಟ್ಟಿದ್ದರು; ಅದು ಯಾವ ಮನೆಯಲ್ಲೂ ಓಡದೆ ಹೋದಾಗ ಎರಡು ವರ್ಷ ಬಿಟ್ಟು ನೀಲಿಯಲ್ಲಿ ಮತ್ತೆ ಮಾಡಿಕೊಟ್ಟಿದ್ದರು.

"ಇದ್ರಾಗೆ ನಮ್ಮ ಸೀರೆ ಐತೆ ಕಣಮ್ಮ. ತೆಗ್ದು ಕೊಡು" ಎನ್ನುತ್ತಾರೆ ಜಯಕ್ಕ.

ಆ ಮನೆಗೆ ಬರುವ ಸೊಸೆಯಂದಿರೆಲ್ಲ ಧಾರೆಗೆ ಉಡುತ್ತಿದ್ದದ್ದು ಒಂದೇ ಸೀರೆ. ಹಸಿರು ಒಡಲು, ಅರಿಶಿನದ ಬಣ್ಣದ ಜರಿಯಲ್ಲಿ ಗೋಪುರದ ಸಾಲು. ಆ ಅಂಚಿಗೆ ಅವರಿಟ್ಟ ಹೆಸರು 'ನಮ್ಮಂಚು', ಅಷ್ಟೇ. ಜಯಕ್ಕನೂ ಅದನ್ನುಟ್ಟೇ ಹೊಸಿಲು ದಾಟಿದವರು. ಗಂಗಲಕ್ಷ್ಮಿಯ ಮದುವೆಯಾದ ಮೇಲೆ ಸೀರೆ ಮಡಿಕೆ ಮಡಿಕೆಯಲ್ಲೂ ಸೀಳಿತು. ಉಡುವಂತಿಲ್ಲ, ಹೊಲಿಯುವಂತಿಲ್ಲ, ಹಳೇ ಜರಿ ಕೊಳ್ಳುವವನ ಚೀಲ ಸೇರಿತು. ಈಗ ಕಿರಿಮಗ ಓಬಳೇಶನಿಗೆ ಮಧುಗಿರಿಯ ತೇಜಸ್ವಿನಿಯ ಜೊತೆ ಮದುವೆ ಗೊತ್ತಾಗಿದೆ. "ಹಿರಿಯೋಳಿಗೆ ಒಂದು, ಕಿರಿಯೋಳಿಗೆ ಒಂದು ಅಂದ್ರೆ ಹೆಂಗಮ್ಮ? ಆ ಮಗೀಗೂ ಅದೇ ಅಂಚು ಆಗ್ಬೇಕು."

ನೇಯಲು ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ಕದಿರಯ್ಯ ಒಪ್ಪಿದ್ದಾರೆ. ಕೈಮಗ್ಗದ ಮೇಲೆ ಹಸಿರು ಹಾಸು, ಅಂದರೆ ಉದ್ದೆಳೆಯ ನೂಲು, ಏರಿದೆ. ಅಂಚಿನ ನಮೂನೆಯೊಂದು ಬೇಕು.

ಮರುದಿನ ಬೆಳಿಗ್ಗೆ ಜಮೀಲಾ ಎರಡೂ ಡಿಸ್ಕು ಹಚ್ಚಿ, ರಟ್ಟಿನ ಕಿಟಕಿಯನ್ನು ಸರಿಯಾಗಿ ಅಂಚಿನ ಮೇಲೆ ತರುತ್ತಾರೆ. ಕೆಂಪಿನ ಚಿತ್ರದ ಮೇಲೆ ರವೆ ಚೆಲ್ಲಿದಂತೆ ಚುಕ್ಕೆಗಳು. ನೀಲಿಯದು ಕನ್ನಡಿಯಷ್ಟು ನುಣುಪು. ಗೋಪುರ ಒಂದೊಂದೂ ಕತ್ತರಿಸಿ ಅಂಟಿಸಿದಂತೆ ಎದ್ದು ಕಾಣುತ್ತದೆ. ನೋಡಿದವರೆಲ್ಲ ನೀಲಿ ಎಂದರು. ಕಲೀಮುಲ್ಲಾ ನೀಲಿ ಎಂದರು. ಜಮೀಲಾರೂ ನೀಲಿಯ ಚಿತ್ರವನ್ನೇ ದೊಡ್ಡದಾಗಿ ಪ್ರಿಂಟ್ ತೆಗೆಸಿ ಹೊಸಕೋಟೆಗೆ ಕಳಿಸಿಕೊಟ್ಟರು.

ಹದಿನೈದು ದಿನದ ಮೇಲೆ ಕದಿರಯ್ಯ ಗೇಣುದ್ದ ನೇಯ್ದ ಮಾದರಿಯನ್ನು ಎದೆಗವಚಿಕೊಂಡು ಸಿರಾಕ್ಕೆ ಬರುತ್ತಾರೆ. ನೋಡಲು ಜಯಕ್ಕನೂ ಬಂದಿದ್ದಾರೆ. ತುಂಡನ್ನು ಮಡಿಲಿಗೆ ಹಾಕಿಕೊಂಡು, ಅಂಚಿನ ಮೇಲೆ ಬೆರಳಾಡಿಸಿ, ಜಯಕ್ಕ ಒಂದು ಕಡೆ ತಡೆಯುತ್ತಾರೆ.

"ಇದೇನಯ್ಯಾ ಬೆಳ್ಳಿ ಗೆರೆ?"

ಗೋಪುರಗಳ ಸುತ್ತ, ಶಿಖರದಿಂದ ಬುಡದವರೆಗೆ, ಕೂದಲೆಳೆಯಂಥ ಬೆಳ್ಳಿ ಜರಿಯ ಗೆರೆ. ಎಷ್ಟು ನಾಜೂಕೆಂದರೆ ನೇಯುವುದಕ್ಕೇ ದಿನಗಟ್ಟಲೆ ಹಿಡಿದಿರಬೇಕು.

"ಬೊಮ್ಮಲೋ ಉಂದಿ ಕದಮ್ಮಾ! ಚಿತ್ರದಲ್ಲಿ ಇದ್ದಿದ್ದೇ ನೇಯ್ದಿದ್ದೀನಿ. ನೋಡಿ, ಕಣ್ಣಿಗೆ ಹೊಡೀತಾ ಐತೆ" ಎಂದು ಕದಿರಯ್ಯ ತೆಲುಗು ಬೆರೆಸಿ ಹೇಳುತ್ತಾ ಪ್ರಿಂಟನ್ನು ಬಿಚ್ಚುತ್ತಾರೆ. ನಿಜ. ಗೆರೆ ಇದೆ.

"ನಮ್ಮಂಚಿಗೆ ಬೆಳ್ಳಿ ಇರ್ಲಿಲ್ಲ ಕಣಯ್ಯ. ನಾನು ಉಟ್ಟಿದ್ದು ನಂಗೊತ್ತಿಲ್ವಾ? ಗೋಪುರದೊಳಗೆ ಕಾಳು ಕಾಳಾಗಿ ಏನೋ ಇತ್ತು. ಅದೇ ಇಲ್ವಲ್ಲ ಇದ್ರಾಗೆ!"

ಕದಿರಯ್ಯ ಮೆಲ್ಲಗೆ ಇನ್ನೊಂದು ಮಾತು ಹೇಳುತ್ತಾರೆ: ಆ ಬಣ್ಣದ ಹಾಸಿನಲ್ಲಿ ಉಳಿದಿರುವುದು ಸರಿಯಾಗಿ ಒಂದು ಸೀರೆಯ ನೂಲು. ಇನ್ನೊಮ್ಮೆ ಮಾದರಿ ನೇಯುವಂತಿಲ್ಲ. ಮತ್ತೆ ತಪ್ಪಿದರೆ ಮದುವೆಗೆ ಬೇರೆ ಸೀರೆಯೇ ಗತಿ. ಜಯಕ್ಕ ಮಡಿಲಿನ ತುಂಡನ್ನು ಮಡಿಸುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಿಸುತ್ತಾರೆ.

ಜಮೀಲಾ ನೀಲಿ ಡಿಸ್ಕನ್ನು ಮತ್ತೆ ಹಚ್ಚುತ್ತಾರೆ. ಕಿಟಕಿಯಲ್ಲಿ ಅದೇ ಅಂಚು, ಅದೇ ಗೆರೆ. ಏನೂ ಹೊಳೆಯದೆ, ಬೇಸರದಿಂದ ರಟ್ಟನ್ನೇ ಕಿತ್ತು ಪಕ್ಕಕ್ಕಿಡುತ್ತಾರೆ. ಮಂಟಪ ಪೂರ್ತಿ ಕಾಣುತ್ತದೆ. ಬಾಳೆಕಂಬದ ಸುತ್ತ ಬೆಳ್ಳಿ ಗೆರೆ. ಗಂಗಲಕ್ಷ್ಮಿಯ ಜುಮುಕಿಯ ಸುತ್ತ ಬೆಳ್ಳಿ ಗೆರೆ. ಮಂತ್ರ ಹೇಳುತ್ತಿರುವ ಪುರೋಹಿತರ ಬರಿಭುಜದ ಸುತ್ತಲೂ ಬೆಳ್ಳಿ ಗೆರೆ.

"ಅಯ್ಯೋ, ಅಯ್ನೋರ ಮೈಗೂ ಜರಿ ನೇಯ್ಸಿದ್ರೇನಮ್ಮ!" ಎಂದು ಜಯಕ್ಕ ಬಾಯಿಯ ಮೇಲೆ ಕೈಯಿಡುತ್ತಾರೆ. ಮೊದಲು ನಕ್ಕದ್ದು ಕದಿರಯ್ಯ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ.

ಎರಡನೇ ಸಲ ಮಾಡಿಕೊಡುವಾಗ ಸ್ಟುಡಿಯೋದಲ್ಲಿ ಯಾರೋ ಚಿತ್ರಕ್ಕೆ ಮೆರುಗು ಕೊಟ್ಟಿದ್ದರು. ರವೆ ಕಾಣದಂತೆ ಉಜ್ಜಿ ನುಣುಪು ಮಾಡಿ, ಮಂಕಾಗಿ ಕಂಡೀತೆಂದು ಪ್ರತಿಯೊಂದರ ಅಂಚನ್ನೂ ಯಂತ್ರದಿಂದ ಹರಿತಗೊಳಿಸಿದ್ದರು. ಹರಿತ ಮಾಡಿದಲ್ಲೆಲ್ಲ ಬಿಳಿ ಗೆರೆ ಹುಟ್ಟಿತ್ತು. "ಮುಖ ಮುಚ್ಚೋಕೆ ಹೋಗಿ ಮದುವೇನೇ ಮುಚ್ಚಿದ್ದೆ. ಅಂಚೊಂದನ್ನೇ ನೋಡ್ದೆ, ಅದಕ್ಕೇ ಗೆರೆ ಅಂಚಿಂದೇ ಅನ್ಕೊಂಡೆ" ಎನ್ನುತ್ತಾರೆ ಜಮೀಲಾ. ಈಗ ಎಲ್ಲ ಚಿತ್ರವನ್ನೂ ಮೊದಲು ರಟ್ಟಿಲ್ಲದೆ ಒಮ್ಮೆ ನೋಡುತ್ತಾರೆ.

ಉಳಿದದ್ದು ಕೆಂಪು. ಡಿಸ್ಕಿನ ಮೈ ಅಲ್ಲಲ್ಲಿ ಮಂಕಾಗಿದೆ, ಅಂಚು ಚೆನ್ನಾಗಿ ಕಾಣುವ ಧಾರೆಯ ಹೊತ್ತಿಗೇ ಚಿತ್ರ ಸ್ತಬ್ಧವಾಗುತ್ತದೆ. ಜಮೀಲಾ ದಿನವೂ ಬೆಳಿಗ್ಗೆ ಒರೆಸುತ್ತಾರೆ, ಹಚ್ಚುತ್ತಾರೆ, ನಿಂತರೆ ತೆಗೆದು ಮತ್ತೆ ಒರೆಸುತ್ತಾರೆ. ಪ್ಲೇಯರ್ ಬಿಸಿಯಾಗದಂತೆ ಕಲೀಮುಲ್ಲಾ ಟೇಬಲ್ ಫ್ಯಾನ್ ಹಿಡಿದು ನಿಲ್ಲುತ್ತಾರೆ. "ಸವತಿಗೆ ಗಾಳಿ ಬೀಸೋ ಗಂಡನ್ನ ಎಲ್ಲಾದ್ರೂ ನೋಡಿದ್ದೀರಾ?" ಎಂದು ಜಮೀಲಾ ರೇಗಿಸುತ್ತಾರೆ. ಕದಿರಯ್ಯ ಇಲ್ಲೇ ಉಳಿದಿದ್ದಾರೆ, ಚೌಕುಳಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು. ಪ್ರಿಂಟಿನ ಸಹವಾಸ ಬೇಡ ಎಂದು ಅವರೇ ಹೇಳಿದ್ದಾರೆ.

ಕೊನೆಗೊಂದು ಮುಂಜಾನೆ ಡಿಸ್ಕು ತಡೆಯದೆ ಓಡುತ್ತದೆ. ಗಂಗಲಕ್ಷ್ಮಿ ಧಾರೆಗೆ ಬಾಗುತ್ತಾಳೆ. ಅಂಚು ಮಣೆಯ ಮೇಲೆ ಚಪ್ಪಟೆಯಾಗಿ ಹಾಸಿಕೊಳ್ಳುತ್ತದೆ. ಗೋಪುರದೊಳಗೆ ಕಾಳಿನಂಥ ಚುಕ್ಕೆಗಳು.

"ಇದು ಕಾಳೋ, ನಿಮ್ಮ ರವೇನೋ?" ಕದಿರಯ್ಯನ ಪೆನ್ಸಿಲು ಮೇಲೇಳುವುದಿಲ್ಲ. ಒಮ್ಮೆ ಸುಟ್ಟುಕೊಂಡವರು.

ಜಮೀಲಾ ಚಿತ್ರವನ್ನು ಒಂದೊಂದೇ ಹೆಜ್ಜೆ ಮುಂದೆ ನಡೆಸುತ್ತಾರೆ. ರವೆ ಪ್ರತಿ ಹೆಜ್ಜೆಗೂ ಜಾಗ ಬದಲಿಸುತ್ತದೆ. ಗೋಪುರದೊಳಗಿನ ಚುಕ್ಕೆಗಳಲ್ಲಿ ಕೆಲವು ಅಲುಗುವುದಿಲ್ಲ. "ನೋಡಿ ಕದಿರಯ್ಯಣ್ಣ. ರವೆ ಕುಣೀತದೆ. ಕಾಳು ಕೂತಲ್ಲೇ ಕೂತಿದೆ. ಕೂತಿದ್ದನ್ನ ಮಾತ್ರ ಬರ್ಕೊಳ್ಳಿ."

ಅಂಗಡಿಗೆ ಬರುವ ಕಾವ್ಯವಾಚನಗಳಲ್ಲಿ ಕೆಲವು ವಾಚಕರು ರಾಗವನ್ನು ಎಷ್ಟು ಬಳುಕಿಸುತ್ತಾರೆಂದರೆ ಪದ್ಯದ ಮಾತೇ ಕರಗಿಹೋಗುತ್ತದೆ. ಇನ್ನು ಕೆಲವರ ಗಂಟಲು ಒಡಕು. ಆದರೆ ಒಂದು ಅಕ್ಷರವೂ ಜಾರುವುದಿಲ್ಲ, ಕೇಳುವವನು ಸಾಲನ್ನು ಹಾಗೇ ಮನೆಗೆ ಒಯ್ಯಬಹುದು. ಕೆಂಪು ಡಿಸ್ಕು ಆ ಎರಡನೆಯ ಬಗೆಯದು. ರವೆಯ ನಡುವೆಯೇ ಕಾಳು ಉಳಿದಿತ್ತು. ನೀಲಿಯದರಲ್ಲಿ ರವೆಯ ಜೊತೆ ಕಾಳೂ ಒರೆಸಿಹೋಗಿತ್ತು. ಕದಿರಯ್ಯ ಚೌಕದಿಂದ ಚೌಕಕ್ಕೆ ಬರೆಯುತ್ತಾ ಹೋಗುತ್ತಾರೆ, ತುಟಿಯಲ್ಲಿ ಎಣಿಕೆ. ಕೊನೆಯ ಸಾಲು ಮುಗಿಸಿ ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸುವಾಗ ಹೇಳುತ್ತಾರೆ: "ರುದ್ರಾಕ್ಷಿ ಇದು. ಗೋಪುರದೊಳಗೆ ರುದ್ರಾಕ್ಷಿ. ನಮ್ಮ ತಾತನ ಕಾಲದ ಕೈ ಅಮ್ಮಾ ಇದು."

ಸೀರೆ ಮಗ್ಗದಿಂದ ಇಳಿದ ದಿನ ಜಮೀಲಾ ಹೊಸಕೋಟೆಗೆ ಹೋಗಲಿಲ್ಲ. ಹೋಗಲು ಧೈರ್ಯವಾಗಲಿಲ್ಲ ಎನ್ನುತ್ತಾರೆ. ಫೋನು ಬಂತು. ಜಯಕ್ಕನದು. ಹಿಂದೆ ಮಗ್ಗಗಳ ಸದ್ದು ಕೇಳುತ್ತಿತ್ತು. "ಜಮೀಲಮ್ಮ, ಬೆರಳಿಗೆ ಕಾಳು ಸಿಕ್ತಾವೆ ಕಣಮ್ಮ" ಎಂದರು. ಅದರ ಹಿಂದೆಯೇ, "ಮದುವೆಗೆ ಬರ್ದೇ ಇದ್ರೆ ನೋಡು ಮತ್ತೆ!"

ಮಧುಗಿರಿಯ ಛತ್ರದಲ್ಲಿ ಜಮೀಲಾ ಮೂರನೇ ಸಾಲಿನಲ್ಲಿ, ಹೆಂಗಸರ ಗುಂಪಿನ ಕೊನೆಗೆ ಕುಳಿತಿದ್ದಾರೆ. ಪಕ್ಕದಲ್ಲಿ ಕದಿರಯ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮುದುಡಿಕೊಂಡು. ಬೆಳ್ಳಿ ಗೆರೆಯ ಮಾದರಿ ತುಂಡು ಹೊಸಕೋಟೆಯಲ್ಲಿ ಬೇರೆ ಗಿರಾಕಿಯ ಕಣ್ಣಿಗೆ ಬಿದ್ದಿದೆಯಂತೆ, ಅದೇ ಬೇಕೆಂದು ಹಟ ಹಿಡಿದಿದ್ದಾರಂತೆ. "ಸೀಡಿ ಅಂಚು ಅಂತ ಹೆಸರಿಟ್ಟಿದ್ದೀನಿ" ಎಂದು ಪಿಸುಗುಡುತ್ತಾರೆ. ಜಮೀಲಾ ಸೆರಗಿನಲ್ಲಿ ನಗೆ ಮುಚ್ಚಿಕೊಳ್ಳುತ್ತಾರೆ.

ವಾಲಗ ಏರುತ್ತದೆ. ತೇಜಸ್ವಿನಿ ಧಾರೆಗೆ ಬಂದು ನಿಲ್ಲುತ್ತಾಳೆ. ಹಸಿರು ಸೀರೆ, ಗೋಪುರದ ಸಾಲು. ಹಿಂದೆ ನಿಂತ ಗಂಗಲಕ್ಷ್ಮಿ ಬಾಗಿ ಅವಳ ನೆರಿಗೆ ಸರಿಪಡಿಸುತ್ತಾ, ಯಾರೂ ಹೇಳದಿದ್ದರೂ ಅಂಚನ್ನು ಒಮ್ಮೆ ಮುಟ್ಟಿ ನೋಡುತ್ತಾಳೆ. ಜಯಕ್ಕ ಕಣ್ಣೊರೆಸಿಕೊಳ್ಳುತ್ತಾರೆ.

ಜಮೀಲಾ ಎದ್ದು, ಅಕ್ಷತೆ ಹಿಡಿದ ಜನರ ನಡುವೆ ದಾರಿ ಮಾಡಿಕೊಂಡು, ವಿಡಿಯೋದವನ ಹತ್ತಿರ ಹೋಗುತ್ತಾರೆ.

"ಸ್ವಲ್ಪ ಹೊತ್ತು ಸೀರೆ ಅಂಚಿನ ಮೇಲೆ ನಿಲ್ಲಿಸ್ತೀಯಾ ಬೇಟಾ?"

"ಈಗೆಲ್ಲ ಫೋರ್-ಕೆ ಆಂಟಿ. ಆಮೇಲೆ ನಾವೇ ಶಾರ್ಪ್ ಮಾಡಿ, ಮಿರಮಿರ ಅನ್ನೋ ಹಾಗೆ ಕೊಡ್ತೀವಿ."

"ಬೇಡಪ್ಪ, ಏನೂ ಮಾಡ್ಬೇಡ. ಇದ್ದ ಹಾಗೇ ಕೊಡು" ಎನ್ನುತ್ತಾರೆ ಜಮೀಲಾ. ಮೂರನೇ ಸಾಲಿನ ಬಿಳಿ ಅಂಗಿಯ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿ ಸೇರಿಸುತ್ತಾರೆ: "ಆ ಅಂಚು ನಾವು ನೇಯ್ಸಿದ್ದು."